ಟ್ಯಾಂಕಿನ ಬಾಯಿಯ ಹಗ್ಗ

ಕೈಗವಸು ನನ್ನ ದುಡ್ಡಿನದು, ಬೂಟು ನನ್ನ ದುಡ್ಡಿನದು. ಹೆಲ್ಮೆಟ್ ಭಾವನ ಹಳೆಯದು, ಬಿಟ್ಟಿ. ವರ್ಕ್‌ಶಾಪಿನ ಹಿಂದಿನ ಕೋಣೆ ಬಿಟ್ಟಿ, ಊಟ ಬಿಟ್ಟಿ, ಸಂಜೆಯ ವೆಲ್ಡಿಂಗ್ ಕ್ಲಾಸಿನ ಫೀಸೂ ಭಾವನೇ ಕಟ್ಟಿದ್ದು. ಕೂಡಿ ಕಳೆದು ನೋಡಿದರೆ ನನಗೆ ದುಬಾರಿ ಬಿದ್ದದ್ದು ಈ ಬಿಟ್ಟಿಯ ಬಾಬತ್ತೇ.

ನಾನಿದ್ದ ಹೊಲಿಗೆ ಫ್ಯಾಕ್ಟರಿ ಮುಚ್ಚಿದಾಗ ಅಕ್ಕ ಕರೆಸಿಕೊಂಡಳು. ಭಾವನದು ಹಾಲು ತುಂಬುವ ಸ್ಟೀಲ್ ಟ್ಯಾಂಕು ಮಾಡುವ ವರ್ಕ್‌ಶಾಪು. ಟ್ಯಾಂಕಿನ ಒಳಗಡೆಯ ಬೆಸುಗೆಯನ್ನು ಒಳಗೇ ಕೂತು ಹಾಕಬೇಕು. ಇಳಿಯುವ ಬಾಯಿ ಮಾತ್ರ ಬಕೆಟ್ಟಿನ ಬಾಯಿಗಿಂತ ಸ್ವಲ್ಪ ದೊಡ್ಡದು. ಭಾವನ ಹೊಟ್ಟೆ ತೂರುವುದಿಲ್ಲ. ನಾನು ಸೂಜಿಗೆ ದಾರ ಪೋಣಿಸಿದ ಹಾಗೆ ಇಳಿದುಬಿಟ್ಟೆ. ಅವತ್ತಿನಿಂದ ನನ್ನ ಹೆಸರು ‘ಕಡ್ಡಿ’.

ಕೆಲಸ ಬೇಗ ಹಿಡಿಯಿತು. ಹೊಲಿಗೆಯವಳಿಗೆ ನೇರ ಗೆರೆ ಹೊಸದಲ್ಲವಲ್ಲ. ಆದರೆ ಕಲಿತಷ್ಟೂ ಟ್ಯಾಂಕಿನೊಳಗೇ ಉಳಿದೆ. ಮೊಣಕಾಲು ಗದ್ದಕ್ಕೆ ಒತ್ತಿಕೊಂಡು ಕೂತರೆ ಸುತ್ತಲಿನ ಹೊಳಪಿನಲ್ಲಿ ಎಲ್ಲೆಲ್ಲೂ ನನ್ನದೇ ಮುಖ. ಮಾತಾಡಿಸೋಣವೆಂದರೆ ಎಲ್ಲವಕ್ಕೂ ನನ್ನಷ್ಟೇ ಸುಸ್ತು.

ಒಳಗೆ ಒಬ್ಬರಿದ್ದರೆ ಬಾಯಿಯ ಹತ್ತಿರ ಒಬ್ಬರು ಕಾಯಲೇಬೇಕು. ಅದು ಭಾವನೇ ಮಾಡಿದ ಕಟ್ಟಳೆ. ಕಾಯುತ್ತಿದ್ದವಳು ಅಕ್ಕ. ನನ್ನ ಕಂಕುಳ ಕೆಳಗೆ ಸುತ್ತಿ ಕಟ್ಟಿದ ಹಗ್ಗದ ತುದಿ ಅವಳ ಮಣಿಕಟ್ಟಿಗೆ. ಆಗಾಗ ಸೌಟಿನ ಹಿಡಿಯಿಂದ ಟ್ಯಾಂಕಿಗೆ ಬಡಿಯುವಳು. ನಾನು ಒಳಗಿನಿಂದ ತಿರುಗಿ ಬಡಿಯಬೇಕು.

ಸಂಜೆ ಕ್ಲಾಸಿನಲ್ಲಿ ಅಲ್ಯೂಮಿನಿಯಂ. “ಸ್ಟೀಲು ಒಳ್ಳೆ ಅತ್ತೆ ಇದ್ದ ಹಾಗಮ್ಮ,” ಅನ್ನುತ್ತಿದ್ದರು ಮೇಷ್ಟ್ರು. “ಸಿಟ್ಟು ಬರೋ ಮುಂಚೆ ಮುಖದ ಬಣ್ಣ ಬದಲಾಯಿಸುತ್ತೆ, ಹಳದಿ, ನೀಲಿ ಅಂತ. ಇದು ಹಾಗಲ್ಲ. ಬೆಳ್ಳಗೇ ಇರುತ್ತೆ, ಇದ್ದಕ್ಕಿದ್ದ ಹಾಗೆ ತೂತು.” ಅದಕ್ಕೆ ಹಗಲೂ ಕೈ ಪಳಗಬೇಕು. ಬಸ್ ಬಾಡಿ ಕಟ್ಟುವ ಶೆಡ್ಡಿನವರು ಎರಡೂ ಲೋಹದ ಪರೀಕ್ಷೆ ಪಾಸಾದರೆ ಕೆಲಸ ಕೊಡುತ್ತೇವೆ ಅಂದಿದ್ದರು. ಅಭ್ಯಾಸಕ್ಕೆ ಹಗಲು ಬಿಡುವು ಬೇಕೆಂದು ಭಾವನನ್ನು ಕೇಳಿದಾಗಲೆಲ್ಲ ಒಂದೇ ಉತ್ತರ: “ಈ ಟ್ಯಾಂಕ್ ಒಂದು ಮುಗೀಲಿ, ಕಡ್ಡಿ.” ಟ್ಯಾಂಕು ಮುಗಿಯುತ್ತಿತ್ತು, ಇನ್ನೊಂದು ಬರುತ್ತಿತ್ತು.

ಪರೀಕ್ಷೆಯ ಹಿಂದಿನ ದಿನವೂ ಒಂದು ಬಂತು.

“ನಾಳೆ ಬೆಳಿಗ್ಗೆ ಲಾರಿ ಬರುತ್ತೆ,” ಅಂದ ಭಾವ.

“ನಾಳೆ ಬೆಳಿಗ್ಗೆ ನನ್ನ ಪರೀಕ್ಷೆ ಭಾವ.”

“ಪರೀಕ್ಷೆ ಮುಂದಿನ ಸಲನೂ ಇರುತ್ತೆ. ಗಿರಾಕಿ ಇರಲ್ಲ. ಫೀಸು ಕಟ್ಟಿದವನು ನಾನು ತಾನೇ?”

ಹೆಲ್ಮೆಟ್ ಹಾಕಿ ಹಗ್ಗ ಕಟ್ಟಿಕೊಂಡೆ. ಇಳಿದೆ.

ಬಾಯಿಯ ಮೇಲೆ ಗಾಳಿ ಎಳೆಯುವ ಫ್ಯಾನು ತಿರುಗುತ್ತಿತ್ತು. ಬೆಸುಗೆಗೆ ಗಾಳಿ ತಾಗದ ಹಾಗೆ ಕಾಯುವುದು ವೆಲ್ಡಿಂಗ್ ಟಾರ್ಚಿನಿಂದ ಬರುವ ಆರ್ಗಾನ್ ಗ್ಯಾಸು. ಫ್ಯಾನಿನ ಗಾಳಿಗೆ ಅದು ಚದುರಿದರೆ ಬೆಸುಗೆಯಲ್ಲಿ ಗುಳ್ಳೆ ಏಳುತ್ತದೆ. ಎರಡು ಕಡೆ ಎದ್ದಿತು. ಉಜ್ಜಿ ಮತ್ತೆ ಹಾಕಬೇಕಾಯಿತು. ಭಾವ ತಾಳ್ಮೆಗೆಟ್ಟು ಫ್ಯಾನು ಆರಿಸಿದ. ಬೇಗ ಮುಗಿಯಲಿ ಅಂತ ನಾನೂ ಸುಮ್ಮನಿದ್ದೆ. ಆಮೇಲೆ ಬೆಸುಗೆ ಬೆಣ್ಣೆಯ ಹಾಗೆ ಬಂತು.

ಆರ್ಗಾನ್ ಗಾಳಿಗಿಂತ ಭಾರ. ಬಣ್ಣವಿಲ್ಲ, ವಾಸನೆಯಿಲ್ಲ. ನೀರಿನ ಹಾಗೆ ತಳದಿಂದ ತುಂಬುತ್ತಾ ಉಸಿರಾಡುವ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ನನ್ನ ಮೂಗು ಇದ್ದದ್ದೂ ತಳದಲ್ಲೇ.

ಉಸಿರು ಕಟ್ಟಿದ ಹಾಗೇನೂ ಆಗಲಿಲ್ಲ. ಅಕ್ಕ ಬಡಿದದ್ದು ಚೆನ್ನಾಗಿ ಕೇಳಿಸಿತು. ‘ಆಮೇಲೆ ಬಡಿದರಾಯ್ತು’ ಅನ್ನಿಸಿತು. ಅವಳು ಮತ್ತೆ ಬಡಿದಳು. ಯಾರದೋ ಮನೆ ಬಾಗಿಲು ತಟ್ಟುತ್ತಿದ್ದಾರೆ, ತೆಗೆಯುವುದು ನನ್ನ ಕೆಲಸವಲ್ಲ ಅನ್ನಿಸಿತು.

ಮುಂದೆ ನನಗೆ ಗೊತ್ತಾದದ್ದು ಕಂಕುಳಲ್ಲಿ ಹಗ್ಗದ ಉರಿ, ಬೆನ್ನ ಕೆಳಗೆ ವರ್ಕ್‌ಶಾಪಿನ ನೆಲ. ಅಕ್ಕನೂ ಭಾವನೂ ಸೇರಿ ಎಳೆದಿದ್ದರು. ಅಕ್ಕ ನನ್ನ ಕೆನ್ನೆಗೆ ಹೊಡೆಯುತ್ತಿದ್ದಳು. “ಬಡಿಯೋಕೆ ಏನೇ ಆಗಿತ್ತು ನಿಂಗೆ? ಕೈ ಮುರಿದಿತ್ತಾ?” ಬೈಗುಳ ಅಷ್ಟು ಹಿತವಾಗಿ ಎಂದೂ ಕೇಳಿಸಿರಲಿಲ್ಲ.

ಭಾವನ ಮುಖ ಸುಣ್ಣವಾಗಿತ್ತು. ನೀರು ಕುಡಿಸಿದ. ನಾನು ಎದ್ದು ಕೂತದ್ದೇ ಅವನಿಗೂ ಜೀವ ಬಂತು. “ಅರ್ಧ ಸುತ್ತು ಉಳಿದಿದೆ ಅಷ್ಟೇ. ಸುಧಾರಿಸಿಕೋ. ಈ ಸಲ ಫ್ಯಾನ್ ಹಾಕೇ ಮಾಡೋಣ.”

ಅಕ್ಕ ಮಣಿಕಟ್ಟಿನ ಗಂಟು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಹಗ್ಗವನ್ನು ಗಂಡನ ಮಡಿಲಿಗೆ ಎಸೆದಳು. “ಇನ್ನು ನಾನು ಕಾಯಲ್ಲ. ಕಾಯೋರಿಲ್ಲದೆ ಯಾರೂ ಇಳೀಬಾರದು ಅಂದೋರು ನೀವೇ.”

“ನಾನೇ ಕಾಯ್ತೀನಿ ಬಿಡೆ.”

“ಕಾಯಿರಿ. ಇಳಿಯೋರು ಯಾರು?”

ಇಬ್ಬರೂ ನನ್ನ ಕಡೆ ನೋಡಿದರು. ನಾನು ಎದೆಯ ಮೇಲಿನ ಗಂಟು ಬಿಚ್ಚಿದೆ. “ಫೀಸಿನ ಲೆಕ್ಕ ಇವತ್ತಿಗೆ ಚುಕ್ತಾ ಆಯ್ತು ಭಾವ. ಕೆಳಗೆ ಹೋಗಿ ಕೊಟ್ಟು ಬಂದೆ.”

ಅವನು ಹಗ್ಗ ಸುತ್ತುತ್ತಾ ಕೂತ. ಸಂಜೆ ಅಕ್ಕ ನನ್ನನ್ನು ಡಾಕ್ಟರಿಗೆ ತೋರಿಸಿದಳು. ಬೆಳಿಗ್ಗೆ ಪರೀಕ್ಷೆಯ ಗೇಟಿನವರೆಗೂ ಜೊತೆಗೆ ಬಂದಳು, ದಾರಿಯುದ್ದ ನನ್ನ ಮಣಿಕಟ್ಟು ಹಿಡಿದುಕೊಂಡೇ.

ಸ್ಟೀಲಿನಲ್ಲಿ ಪಾಸಾದೆ. ಅಲ್ಯೂಮಿನಿಯಂ ಬೆಳ್ಳಗೇ ಇದ್ದು ಕೊನೆಯಲ್ಲಿ ತೂತು ಬಿತ್ತು. ಅದರ ಪರೀಕ್ಷೆಗೆ ಮತ್ತೆ ಕೂರಬೇಕು. ಬಸ್ ಶೆಡ್ಡಿನವರು ಅಲ್ಲಿಯವರೆಗೆ ಅರ್ಧ ಸಂಬಳಕ್ಕೆ ಇಟ್ಟುಕೊಂಡಿದ್ದಾರೆ. ಹಿಂದಿನ ಕೋಣೆ ಹೋಯಿತು, ಬಿಟ್ಟಿ ಊಟ ಹೋಯಿತು, ಭಾವನ ಮಾತೂ ನಿಂತುಹೋಯಿತು. ಅವನ ಗಿರಾಕಿಯೂ ಹೋದ. ನನಗೆ ಉಳಿದದ್ದು ಉಸಿರು, ಅಕ್ಕ, ಮತ್ತು ಶೆಡ್ಡಿನ ಬಾಗಿಲ ಪಕ್ಕದಲ್ಲಿ ನಿಂತು ಕೆಲಸ ಮಾಡುವ ಒಂದು ಮೇಜು.