ಮಾವನ ಕನ್ನಡಿ, ನನ್ನ ವೆಬ್‌ಕ್ಯಾಮ್

ಆ ಅಗ್ಗದ ವೆಬ್‌ಕ್ಯಾಮ್‌ನ ಲೆನ್ಸು ಕೀಳುವುದಕ್ಕೆ ನಾನು ಹೊಲಿಗೆ ಬಿಚ್ಚುವ ಮೊನೆಯನ್ನು ಬಳಸಿದೆ. ಇನ್ನೇನು ಮಾಡಲಿ? ಅದನ್ನು ತಯಾರಿಸಿದ ಪುಣ್ಯಾತ್ಮರು ಗೋಂದು ಮೆತ್ತಿ ಕೂರಿಸಿದ್ದರು, ಜಪ್ಪಯ್ಯ ಅಂದರೂ ತಿರುಗಲಿಲ್ಲ. ತಿರುಗಿಸಿ ತಿರುಗಿಸಿ ನನ್ನ ಹೆಬ್ಬೆರಳಿನ ಚರ್ಮ ಸುಲಿಯಿತೇ ಹೊರತು ಲೆನ್ಸು ಕೂತಲ್ಲಿಂದ ಅಲ್ಲಾಡಲಿಲ್ಲ. ಕಡೆಗೆ ಮೊನೆ ತೂರಿಸಿ ಮೀಟಿದಾಗ ಟಕ್ಕೆಂದು ಹಾರಿ ಹೊಲಿಗೆ ಯಂತ್ರದ ಕೆಳಗೆ ಉರುಳಿಹೋಯಿತು. ಹೋಗಲಿ, ನಮಗೆ ಅದು ಬೇಕಾಗಿರಲೂ ಇಲ್ಲ. ಬೇಕಾಗಿದ್ದದ್ದು ಅದರ ಹಿಂದೆ ಅಡಗಿರುವ, ಶರ್ಟಿನ ಗುಂಡಿಗಿಂತ ಚಿಕ್ಕದಾದ ಹೊಳೆಯುವ ಚೌಕ. ಬೆಳಕು ಬಿದ್ದು ಚಿತ್ರವಾಗುವುದು ಅದರ ಮೇಲೆ. ಲೆನ್ಸು ತೆಗೆದು, ಆ ಜಾಗಕ್ಕೆ ಟೆಲಿಸ್ಕೋಪನ್ನೇ ಕೊಟ್ಟರೆ ಆಕಾಶ ಟೀವಿಯಲ್ಲಿ ಬರುತ್ತದೆ ಎಂದು ಇಂಟರ್ನೆಟ್ಟಿನಲ್ಲಿ ಯಾರೋ ಒಬ್ಬ ನಗುನಗುತ್ತಾ ತೋರಿಸಿದ್ದ. ಅವನು ಎದುರಿಗೆ ಸಿಕ್ಕರೆ ಎರಡು ಬಿಡಬೇಕೆಂದು ನನಗೆ ಈಗಲೂ ಅನ್ನಿಸುತ್ತದೆ.

ನಾನು ಬಟ್ಟೆ ಸರಿಮಾಡಿಕೊಡುವವಳು. ಹೊಸದನ್ನು ಹೊಲಿಯುವುದಿಲ್ಲ, ಬೇರೆಯವರು ಹೊಲಿದದ್ದನ್ನು ಮೈಗೆ ಹೊಂದಿಸುತ್ತೇನೆ. ದಪ್ಪಗಾದವರಿಗೆ ಬಿಚ್ಚುತ್ತೇನೆ, ಸಣ್ಣಗಾದವರಿಗೆ ಹಿಡಿಯುತ್ತೇನೆ, ಪ್ಯಾಂಟಿನ ಕಾಲು ಕತ್ತರಿಸಿ ಮಡಿಸುತ್ತೇನೆ. ಇಂಥ ನನಗೆ ವೆಬ್‌ಕ್ಯಾಮ್‌ ಬಿಚ್ಚುವ ಗ್ರಹಚಾರ ಬಂದದ್ದು ನನ್ನ ಮಾವನಿಂದ.

ಮಾವ ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿದ್ದವರು. ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ಟೆಲಿಸ್ಕೋಪಿನ ಕನ್ನಡಿ ಉಜ್ಜುತ್ತಾ ಕೂತರು. ಕಡೆಯ ಕನ್ನಡಿ ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕದು. ಅದನ್ನು ಉಜ್ಜುತ್ತಿದ್ದಾಗಲೇ ಅವರ ಕಣ್ಣು ಕೈಕೊಟ್ಟಿತು. ಏನನ್ನು ನೋಡಿದರೂ ನಟ್ಟನಡುವೆ ಯಾರೋ ಹೆಬ್ಬೆಟ್ಟು ಒತ್ತಿದ ಹಾಗೆ ಮಸಿ. ಅಂಚಿನಲ್ಲಿ ಮಾತ್ರ ಕಾಣುತ್ತದೆ. ಉಳಿದ ಅರ್ಧ ಕೆಲಸವನ್ನು ಅವರು ಬರೀ ಬೆರಳಿನ ಅಂದಾಜಿನಲ್ಲಿ ಮುಗಿಸಿದರು. ಟೆಲಿಸ್ಕೋಪು ಸಿದ್ಧವಾಯಿತು. ಆದರೆ ಅದರ ಸಣ್ಣ ಕಂಡಿಯಲ್ಲಿ ಕಣ್ಣಿಟ್ಟರೆ ಅವರಿಗೆ ಮಸಿ ಬಿಟ್ಟು ಬೇರೇನೂ ಕಾಣದು. ಕನ್ನಡಿ ಚೆನ್ನಾಗಿ ಬಂದಿದೆಯೋ, ಕೆಟ್ಟಿದೆಯೋ ಅವರಿಗೆ ಗೊತ್ತಾಗಲೇ ಇಲ್ಲ.

ನಾವು ನೋಡಿ, "ಚೆನ್ನಾಗಿದೆ ಮಾವ" ಅಂದೆವು.

"ನಿಮಗೇನ್ ಗೊತ್ತು ಚೆನ್ನ ಅಂದ್ರೆ? ಶನಿ ನೋಡ್ಬೇಕು ನಾನು. ಉಂಗುರಕ್ಕೂ ಒಳಗಿನ ಗೋಳಕ್ಕೂ ನಡುವೆ ಕಪ್ಪು ಜಾಗ ಎರಡೂ ಪಕ್ಕ ಒಂದೇ ಸಮ ಇದ್ರೆ ಕನ್ನಡಿ ಕನ್ನಡಿ. ಇಲ್ದಿದ್ರೆ ಅದರ ಮೇಲೆ ಹೂಕುಂಡ ಇಡಿ" ಅಂದರು.

ದೊಡ್ಡ ಟೀವಿಗೆ ಮೂಗು ತಾಗಿಸಿ, ಓರೆಯಾಗಿ ನೋಡಿದರೆ ಅವರಿಗೆ ಇನ್ನೂ ಒಂದಿಷ್ಟು ಕಾಣುತ್ತಿತ್ತು. ಶನಿಯೇನೋ ಸಂಜೆಯ ಪಡುವಣದಲ್ಲಿ ಇದ್ದ, ಆದರೆ ದಿನದಿಂದ ದಿನಕ್ಕೆ ಬೀದಿಯ ಕೊನೆಯ ನೀರಿನ ಟ್ಯಾಂಕಿನ ಕಡೆಗೆ ಇಳಿಯುತ್ತಿದ್ದ. ಅದರ ಹಿಂದೆ ಹೋದನೆಂದರೆ ಮತ್ತೆ ಸಂಜೆಗೆ ಬರುವುದು ಎಷ್ಟೋ ತಿಂಗಳ ಮೇಲೆ. ಅಲ್ಲಿಯವರೆಗೆ ಈ ಅಂಚಿನ ದೃಷ್ಟಿಯೂ ಉಳಿಯುತ್ತದೆಯೇ ಎಂದು ಕೇಳಿದ್ದಕ್ಕೆ ಕಣ್ಣಿನ ಡಾಕ್ಟರು ತಮ್ಮ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ನನಗೆ ಉತ್ತರ ಸಿಕ್ಕಿತು.

ಪಕ್ಕದ ಮನೆಯಾಕೆಗೆ ನಗು. "ಲೋಕದಲ್ಲಿ ಎಲ್ರೂ ಶನಿ ಹೆಗಲಿಂದ ಇಳಿದ್ರೆ ಸಾಕು ಅಂತಾರೆ. ನೀವು ಕೇಬಲ್ ಎಳೆದು ಮನೆಯೊಳಗೆ ಕರೀತಿದ್ದೀರಲ್ಲ!"

"ಬಂದ್ರೆ ನಿಮ್ಮನೆಗೂ ಕಳಿಸ್ತೀನಿ" ಅಂದೆ.

ಮೊದಲ ವೆಬ್‌ಕ್ಯಾಮ್ ನನ್ನ ಕೈಯಲ್ಲೇ ಸತ್ತಿತು. ಚೌಕದ ಮೇಲೆ ಧೂಳು ಕಂಡಿತು, ಅಭ್ಯಾಸಬಲದಿಂದ ಮೇಜಿನ ಬಟ್ಟೆಯಲ್ಲಿ ಒರೆಸಿದೆ. ಆ ಬಟ್ಟೆಯಲ್ಲಿ ಗುರುತು ಹಾಕುವ ಸೀಮೆಸುಣ್ಣದ ಪುಡಿ ಇತ್ತು. ಟೀವಿಯಲ್ಲಿ ದೊಡ್ಡ ಕಪ್ಪು ಕಲೆಗಳು, ಅಡ್ಡಡ್ಡ ಗೀರುಗಳು. ನನ್ನ ಗಂಡ ಬಸ್ ಓಡಿಸುವವರು, ಪಾಳಿ ಮುಗಿಸಿ ಬಂದು ನೋಡಿ, "ಆಹಾ, ಚಂದ್ರನ ಮೇಲಿನ ಗುಂಡಿಗಳು ಎಷ್ಟು ಸ್ಪಷ್ಟ!" ಅಂದರು. ಕ್ಯಾಮೆರಾವನ್ನು ಟೆಲಿಸ್ಕೋಪಿಗೆ ಇನ್ನೂ ಹಾಕಿಯೇ ಇರಲಿಲ್ಲ.

ಎರಡನೆಯದನ್ನು ಉಸಿರು ಬಿಗಿಹಿಡಿದು ಬಿಚ್ಚಿದೆ. ಅದರ ಮೂತಿಯಲ್ಲಿ ಉರಿಯುವ ಸಣ್ಣ ದೀಪದ ಬೆಳಕು ಕೊಳವೆಯೊಳಗೆ ಸೋರಿ ಎಲ್ಲವನ್ನೂ ನೀಲಿ ಮಾಡುತ್ತಿತ್ತು. ಅದಕ್ಕೆ ಉಗುರುಬಣ್ಣ ಬಳಿದೆ. ದಾರದ ಉಂಡೆಯ ಪ್ಲಾಸ್ಟಿಕ್ ಕೊಳವೆಯೊಂದು, ಎರಡು ಸುತ್ತು ಟೇಪು ಸುತ್ತಿದರೆ, ಟೆಲಿಸ್ಕೋಪಿನ ಕಂಡಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತಿತ್ತು. ಕ್ಯಾಮೆರಾವನ್ನು ಅದಕ್ಕೆ ಅಂಟಿಸಿದೆ. ಹಿತ್ತಲಲ್ಲಿ ಟೆಲಿಸ್ಕೋಪು, ಕಿಟಕಿಯಿಂದ ಒಳಗೆ ಕೇಬಲ್ಲು, ಕಂಪ್ಯೂಟರು, ಟೀವಿ, ಟೀವಿಯ ಮುಂದೆ ಮಾವ. ಚಂದ್ರನ ಕಡೆ ತಿರುಗಿಸಿದೆ.

ಬರೀ ಮಬ್ಬು. ಹಾಲು ಚೆಲ್ಲಿದ ಹಾಗೆ.

"ಒಳಗೆ ತಳ್ಳು" ಒಳಗಿನಿಂದ ಮಾವ ಕೂಗಿದರು.

"ತಳ್ಳಿದೀನಿ."

"ಇನ್ನೂ ಒಳಗೆ."

"ಪೂರ್ತಿ ಹೋಗಿದೆ ಮಾವ! ಇನ್ನು ನಾನೇ ಒಳಗೆ ಹೋಗ್ಬೇಕು ಅಷ್ಟೆ!"

ಒಂದು ವಾರ ಇದೇ ಹಾಡು. ಮಾರಿದ ಅಂಗಡಿಯವನು, "ಲೆನ್ಸ್ ಕಿತ್ಹಾಕಿ ಮಬ್ಬು ಅಂತೀರಲ್ಲ ಅಕ್ಕಾ" ಎಂದು ನನ್ನನ್ನು ಹುಚ್ಚಿಯ ಹಾಗೆ ನೋಡಿದ. ಒಂದೊಂದು ಸಂಜೆಯೂ ಶನಿ ಟ್ಯಾಂಕಿಗೆ ಇನ್ನಷ್ಟು ಹತ್ತಿರ. ನನ್ನ ತಲೆ ಕೆಟ್ಟು ಕೆರ ಹಿಡಿದುಹೋಯಿತು. ಮೇಜಿನ ಮೇಲೆ ಗಿರಾಕಿಗಳ ಪ್ಯಾಂಟುಗಳು ಬೆಟ್ಟವಾಗಿ ಬೆಳೆಯುತ್ತಿದ್ದವು.

ಆಗಲೇ ನನ್ನ ಗಂಡ ಒಂದು ಒಳ್ಳೆಯ ಕೆಲಸ ಮಾಡಿದರು. ಅವರು ಒಳ್ಳೆಯ ಕೆಲಸ ಮಾಡಿದಾಗಲೆಲ್ಲ ನಾನು ಹೆದರುತ್ತೇನೆ. ನಾನು ಹಿತ್ತಲಲ್ಲಿ ಹೆಣಗುತ್ತಿದ್ದರೆ, ಇವರು ಎಲ್ಲಿಂದಲೋ ಶನಿಯ ಚಿತ್ರ ಇಳಿಸಿ ಟೀವಿಗೆ ಹಾಕಿ, "ಅಪ್ಪಾ, ಬಂತು! ನಿನ್ನ ಕನ್ನಡಿ ಬಂಗಾರ!" ಎಂದು ಕುಣಿದರು. ಮಾವ ಎದ್ದು ಮೂಗು ತಾಗಿಸಿದರು. ಕತ್ತು ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು. ತುಂಬ ಹೊತ್ತು ನೋಡಿದರು.

"ಯಾಕೋ ಓಡ್ತಿಲ್ಲ?" ಅಂದರು.

"ಏನಪ್ಪಾ?"

"ನಿಂತಲ್ಲೇ ನಿಂತಿದಾನಲ್ಲ. ಭೂಮಿ ತಿರುಗೋದು ನಿಲ್ಲಿಸ್ತಾ?"

ನನ್ನ ಗಂಡ ಟೀವಿ ಆರಿಸಿದರು. ಮಾವ ಊಟ ಮಾಡದೆ ಮಲಗಿದರು.

"ಒಳ್ಳೇದಾಗ್ಲಿ ಅಂತ ಮಾಡಿದ್ದು ಕಣೇ" ಎಂದು ಗಂಡ ಅಂದಾಗ ನನ್ನ ಪಿತ್ತ ನೆತ್ತಿಗೇರಿತು. "ನಿಮ್ಮ ಒಳ್ಳೇತನಕ್ಕೆ ಬೆಂಕಿ ಹಾಕ! ಇನ್ಮೇಲೆ ನಾನು ನಿಜವಾದ್ದು ತೋರಿಸಿದ್ರೂ ಅವರು ನಂಬಲ್ಲ" ಅಂದೆ. ನನ್ನ ನಾಲಿಗೆಯಲ್ಲಿ ಏನಿತ್ತೋ.

ಮಬ್ಬಿನ ಕಾರಣ ಹೊಳೆದದ್ದು ಒಂದು ಕೋಟಿನ ತೋಳನ್ನು ಗಿಡ್ಡ ಮಾಡುತ್ತಿದ್ದಾಗ. ಕನ್ನಡಿ ಚಿತ್ರವನ್ನು ಒಂದು ಕಡೆ ಕೂಡಿಸುತ್ತದೆ. ಮಾವ ಕೊಳವೆಯನ್ನು ಕತ್ತರಿಸಿದ್ದು ಕಣ್ಣಿನ ಅಳತೆಗೆ. ನನ್ನ ಕ್ಯಾಮೆರಾದ ಚೌಕ ಇನ್ನೂ ಎರಡು ಬೆರಳು ಒಳಗೆ ಇರಬೇಕು, ಅಲ್ಲಿಗೆ ಅದು ಹೋಗದು. ತೋಳು ಉದ್ದವಾಗಿದೆ, ಕೈ ಒಳಗೇ ಉಳಿದಿದೆ.

"ಕೊಳವೆ ಎರಡು ಬೆರಳು ಗಿಡ್ಡ ಆಗ್ಬೇಕು ಮಾವ."

"ಅದಕ್ಕೆ ಗರಗಸ ಮುಟ್ಟಿಸಿದ್ರೆ ನನ್ನ ಕೈ ಕೊಯ್ದ ಹಾಗೆ. ನನ್ನ ಅಳತೆ ಸರಿ ಇದೆ. ನಿನ್ನ ಡಬ್ಬಿ ಸರಿ ಇಲ್ಲ."

ಅವರಿಗೆ ತಮ್ಮ ಕೆಲಸ ಎಂದೂ ತಪ್ಪಲ್ಲ. ಆ ಸ್ಟ್ಯಾಂಡನ್ನೇ ನೋಡಿ. ಮೂರು ಕಾಲಿನಲ್ಲಿ ಒಂದು ಗಿಡ್ಡ, ಹಿತ್ತಲಲ್ಲಿ ಬೆಕ್ಕು ಸೀನಿದರೂ ಟೆಲಿಸ್ಕೋಪು ತೂಗಾಡುತ್ತದೆ. ಕೇಳಿದರೆ, "ನೆಲ ಸರಿ ಇಲ್ಲ" ಅನ್ನುತ್ತಾರೆ. ಕಲ್ಲಿನ ನೆಲ, ಮಣ್ಣಿನ ನೆಲ, ಪಕ್ಕದ ಮನೆಯ ಸಿಮೆಂಟಿನ ನೆಲ, ಯಾವುದೂ ಸರಿ ಇಲ್ಲ. ಆ ಕಾಲು ಸರಿಮಾಡಲು ಯಾರನ್ನೂ ಬಿಡುವುದಿಲ್ಲ ಬೇರೆ.

ಆದರೆ ನನ್ನ ಕಸುಬಿನಲ್ಲಿ ಕತ್ತರಿ ಹಾಕುವುದು ಕೊನೆಯ ಮಾತು. ಕತ್ತರಿಸದೆ ಒಳಗೆ ಮಡಿಕೆ ಹಿಡಿದರೆ, ಬೇಕಾದಾಗ ಬಿಚ್ಚಬಹುದು. "ಕೊಳವೆ ಮುಟ್ಟಲ್ಲ. ಕನ್ನಡಿನೇ ಎರಡು ಬೆರಳು ಮೇಲೆ ಎತ್ತೋಣ, ಕೆಳಗೆ ಮೂರು ದಾರದ ರೀಲು ಇಟ್ಟು. ಬೇಡ ಅಂದ್ರೆ ತೆಗೆಯೋದು" ಅಂದೆ. ಅವರು ರೀಲುಗಳನ್ನು ಕೇಳಿ ಪಡೆದು, ಒಂದರ ಪಕ್ಕ ಒಂದಿಟ್ಟು, ತುದಿಯ ಮೇಲೆ ಬೆರಳಾಡಿಸಿದರು. ಒಂದನ್ನು ಬದಲಾಯಿಸೆಂದರು. ಆಮೇಲೆ ನನ್ನನ್ನು ಸರಿಸಿ, ಕನ್ನಡಿಯನ್ನು ತಾವೇ ಎತ್ತಿ, ಉದ್ದದ ಬೋಲ್ಟು ತೂರಿಸಿ ಕೂರಿಸಿದರು.

ನಾನೂ ಸುಮ್ಮನಿರಲಿಲ್ಲ. ಅವರು ಒಳಗೆ ಹೋದ ಮೇಲೆ, ಕತ್ತರಿಸಿ ಉಳಿದ ಜೀನ್ಸ್ ಕಾಲುಗಳನ್ನು ಚೀಲವಾಗಿ ಹೊಲಿದು, ಮರಳು ತುಂಬಿ, ಸ್ಟ್ಯಾಂಡಿನ ಕಾಲುಗಳಿಗೆ ಬಿಗಿದೆ. ಗಿಡ್ಡ ಕಾಲಿನಡಿ ಬಟ್ಟೆಯ ಮಡಿಕೆ ತುರುಕಿದೆ. ಈಗ ಗುದ್ದಿದರೂ ಅಲ್ಲಾಡದು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆ ಸಂಜೆ ಶನಿ ಟ್ಯಾಂಕಿನ ಅಂಚಿನಿಂದ ಒಂದು ಗೇಣು ಮೇಲಿದ್ದ. ಆ ಪುಟ್ಟ ಚೌಕದೊಳಗೆ ಅವನನ್ನು ಹಿಡಿಯುವುದಿದೆಯಲ್ಲ, ಅದು ಶತ್ರುವಿಗೂ ಬೇಡ. ಸಿಕ್ಕ ಅನ್ನುವಷ್ಟರಲ್ಲಿ ಜಾರಿದ. ಮತ್ತೆ ಹುಡುಕಿದೆ, ಮತ್ತೆ ಜಾರಿದ. ಬೈಯುತ್ತಾ ಬೈಯುತ್ತಾ ಹುಡುಕುತ್ತಿರುವಾಗ ಕಿಟಕಿಯಾಚೆ ಟೀವಿಯಲ್ಲಿ ಅಂಗೈಯಗಲದ ಶನಿ ತೇಲಿ ಬಂದ. ಹಳದಿ ಗುಂಡಿ, ಸುತ್ತ ಉಂಗುರ. ಬಿಸಿನೀರಿನ ತಳದಲ್ಲಿರುವಂತೆ ನಡುಗುತ್ತಿದ್ದ, ಆದರೆ ಸ್ಪಷ್ಟ.

ಮಾವ ಮೂಗು ತಾಗಿಸಿದರು. ಕತ್ತು ವಾಲಿಸಿದರು. ಆಮೇಲೆ ಹಿಂದೆ ಸರಿದು ಕುರ್ಚಿಯಲ್ಲಿ ಕೂತರು.

"ಈ ಸಲ ಓಡೋ ಅಂಥದ್ದನ್ನೇ ತಂದಿದ್ದೀರಿ. ವಿಡಿಯೋ" ಅಂದರು.

"ಮಾವ! ನಿಮ್ಮ ಕನ್ನಡಿ ಇದು!"

"ಹಾಗಾದ್ರೆ ಕೊಳವೆ ತಟ್ಟು."

ತಟ್ಟಿದೆ. ಶನಿ ಒಂದು ಕೂದಲೆಳೆ ಅದುರಿ ಗಟ್ಟಿಯಾಗಿ ನಿಂತ.

"ನಂದಲ್ಲ. ನಂದಾಗಿದ್ರೆ ಕುಣೀತಿತ್ತು." ಕುರ್ಚಿಯ ಕೈ ಹಿಡಿದು ಏಳತೊಡಗಿದರು. ನನ್ನ ಗಂಡ, "ಅಪ್ಪಾ, ಆಣೆಗೂ..." ಎಂದು ಶುರುಮಾಡಿದರು. "ನೀವು ಬಾಯಿ ಮುಚ್ಕೊಂಡು ಅವರನ್ನ ಕೂರಿಸಿ!" ಎಂದು ಕಿಟಕಿಯಿಂದ ಕಿರುಚಿದೆ.

ನನ್ನ ಮರಳು ಚೀಲಗಳು! ನನ್ನ ಬುದ್ಧಿಗಿಷ್ಟು. ಗಂಟು ಬಿಚ್ಚಲು ಬೆರಳು ಓಡಲಿಲ್ಲ. ಕತ್ತರಿ ತಂದು ಕಚಕಚನೆ ಕತ್ತರಿಸಿದೆ. ಚೀಲಗಳು ಒಡೆದು ಮರಳು ಕಾಲ ಮೇಲೆ ಸುರಿಯಿತು. ಮಡಿಕೆ ಎಳೆದು ಬಿಸಾಡಿದೆ. ಟೆಲಿಸ್ಕೋಪು ಕುಂಟಿ ವಾಲಿತು, ಶನಿ ಮಾಯ. ಟ್ಯಾಂಕಿಗೆ ಈಗ ನಾಲ್ಕು ಬೆರಳು ಕೂಡ ಇರಲಿಲ್ಲ. ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಹುಡುಕಿದೆ, ತಪ್ಪಿತು. ಹುಡುಕಿದೆ. ಸಿಕ್ಕ. ಯೋಚನೆ ಮಾಡಲಿಲ್ಲ, ಇಷ್ಟು ದಿನದ ಕೋಪವನ್ನೆಲ್ಲ ಸೇರಿಸಿ ಆ ಗಿಡ್ಡ ಕಾಲಿಗೆ ಒಂದು ಒದ್ದೆ.

ಟೀವಿಯಲ್ಲಿ ಶನಿ ಜಿಗಿದು ಹೊರಗೆ ಹೋದ, ಒಳಗೆ ಬಂದ, ಮತ್ತೆ ಹೋದ, ಬಂದ. ತೂಗಿ ತೂಗಿ ನಿಧಾನವಾಗಿ ನಿಂತ.

ಮಾವ ಯಾವಾಗ ಎದ್ದರೋ, ಟೀವಿಗೆ ಮುಖ ಒತ್ತಿ ನಿಂತಿದ್ದರು. ಬೆಳಕು ಅವರ ಕೆನ್ನೆಯ ಮೇಲಿತ್ತು.

"ನನ್ನ ಸ್ಟ್ಯಾಂಡೇ" ಅಂದರು. "ಒಂದು ಕಾಲು ಗಿಡ್ಡ."

ಅವರ ಬೆರಳು ಪರದೆಯ ಮೇಲೆ ಉಂಗುರದ ಒಳಗಿನ ಕಪ್ಪನ್ನು ನಿಧಾನವಾಗಿ ಎಡಪಕ್ಕ ಅಳೆಯಿತು, ಬಲಪಕ್ಕ ಅಳೆಯಿತು. ಆಮೇಲೆ ಮತ್ತೆ ಎಡಪಕ್ಕ, ಮತ್ತೆ ಬಲಪಕ್ಕ.

"ಒಂದೇ ಸಮ ಇದೆ" ಅಂದರು. ಇಷ್ಟು ದಿನ ತಮ್ಮ ಸ್ಟ್ಯಾಂಡಿನ ಕಾಲಿಗೆ ಯಾರ ಕೈ ಸೋಕಲೂ ಬಿಡದ ಆ ಮನುಷ್ಯ ಕಿಟಕಿಯ ಕಡೆ ತಿರುಗಿ ಕೂಗಿದರು:

"ಅವನು ಹೋಗೋದ್ರೊಳಗೆ ಇನ್ನೊಂದು ಸಲ ಒದಿಯಮ್ಮ."