ಅಂಚು ಯಾರ ಕಡೆ

ರೈಲ್ವೆಯಲ್ಲಿ ನೌಕರಿ ಮಾಡುವವನು ಜಗಳಕ್ಕೆ ಹೆದರಬಾರದು. ಹೌರಾದಲ್ಲಿ ಕಿಟಕಿ ಸೀಟಿಗಾಗಿ ಕಾಲರ್ ಹಿಡಿದವರನ್ನು, ನೀರಿನ ನಲ್ಲಿಗಾಗಿ ಕೂಗಾಡಿದವರನ್ನು ದಿನಾ ನೋಡಿದ್ದೇನೆ. ಆದರೆ ಬಟ್ಟೆಯ ಹಿಂದೆ, ಯಾರ ಕಣ್ಣಿಗೂ ಬೀಳದ ಬೆರಳಗಲದ ಅಂಚಿಗಾಗಿ ಇಬ್ಬರು ಹೆಂಗಸರು ಮಾತು ಬಿಟ್ಟದ್ದನ್ನು ನೋಡಿದ್ದು ಅಲ್ಲೇ ಹತ್ತಿರದ ಬೆಹಾಲಾ ಬಡಾವಣೆಯ ನನ್ನ ಫ್ಲಾಟಿನಲ್ಲೇ.

ಒಬ್ಬಳು ನನ್ನ ಹೆಂಡತಿ ತುಳಸಿ, ಧಾರವಾಡದವಳು. ಇನ್ನೊಬ್ಬರು ನಮ್ಮ ಬೀಗಿತಿ ರಾಜಲಕ್ಷ್ಮಿ, ಮೈಸೂರಿನವರು. ಮಗಳು ಅಕ್ಷರಾ ಸೆಕ್ಟರ್ ಫೈವ್‌ನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ, ಪಕ್ಕದ ಕಂಪ್ಯೂಟರಿನ ಅಮೃತ್‌ನನ್ನು ಮೆಚ್ಚಿ ಮದುವೆಯಾಗಿ, ಈಗ ಒಂದು ಹೆಣ್ಣುಕೂಸಿನ ತಾಯಿ. ಭಾನುವಾರ ತೊಟ್ಟಿಲ ಶಾಸ್ತ್ರ. ಕೂಸಿಗೆ ಹಾಸಲು ತುಳಸಿ ಕೌದಿ ಹೊಲಿಯುತ್ತಿದ್ದಳು.

ತುಳಸಿಯ ಅವ್ವ ಮದುವೆಗೆ ಬಂದಿರಲಿಲ್ಲ. ಜಾತಿ ಬಿಟ್ಟು ಕೊಟ್ಟಿರೆಂದು ಮುನಿಸು. ಮೊಮ್ಮಗಳು ಬಸುರಿ ಎಂದು ತಿಳಿದ ಮೇಲೆ ಕರಗಿ, "ತೊಟ್ಟಿಲಿಗೆ ಬರ್ತೀನಿ, ಕೂಸಿಗೆ ಹಾಸಾಕ ನಾನ ಕೌದಿ ತರ್ತೀನಿ" ಎಂದು ಫೋನಿನಲ್ಲಿ ಹೇಳಿದ್ದಳು. ಅಷ್ಟರಲ್ಲೇ ತೀರಿಕೊಂಡಳು. ಊರಿನಿಂದ ಬಂದದ್ದು ಅವಳ ಒಂದು ಇಳಕಲ್ ಸೀರೆ, ಒಗೆದು ಒಗೆದು ಬಣ್ಣ ಬಿಟ್ಟಿದ್ದು. ಆ ಸೀರೆಯ ಮೇಲೆ ಕೂಸು ಮಲಗಬೇಕು, ಅವ್ವನ ಮಾತು ಉಳಿಯಬೇಕು. ತುಳಸಿಗೆ ಬೇಕಾದದ್ದು ಅಷ್ಟೇ.

"ಎರಡೂ ಕಡೆಯದೂ ಇರ್ಲಿ" ಎಂದು, ವಾರ ಮೊದಲೇ ಬಂದು ನಮ್ಮಲ್ಲಿ ಇಳಿದುಕೊಂಡಿದ್ದ ರಾಜಲಕ್ಷ್ಮಿ ತಮ್ಮ ಮನೆಯ ಹಳೆಯ ಕಡುನೇರಳೆ ಸೀರೆ ತಂದಿದ್ದರು. ತುಳಸಿ ಎರಡನ್ನೂ ಚೌಕ ಚೌಕ ಕತ್ತರಿಸಿ, ಒಂದು ನಮ್ಮದು ಒಂದು ಅವರದು ಎಂಬಂತೆ ಜೋಡಿಸಿ ಹೊಲಿದಳು. ಅಲ್ಲಿಯವರೆಗೆ ಎಲ್ಲ ಸುಸೂತ್ರವಾಗಿತ್ತು. ಆಮೇಲೆ ಇಸ್ತ್ರಿ ಪೆಟ್ಟಿಗೆ ಬಂತು.

ಎರಡು ತುಂಡು ಸೇರಿಸಿ ಹೊಲಿದರೆ ಹಿಂಬದಿಯಲ್ಲಿ ಅಂಚು ಉಳಿಯುತ್ತದೆ. ಅದನ್ನು ಒಂದು ಮಗ್ಗುಲಿಗೆ ಮಡಚಿ ಇಸ್ತ್ರಿ ಒತ್ತಬೇಕು. ಮಡಚುವುದು ಗಾಢ ಬಣ್ಣದ ಕಡೆಗೆ. ತಿಳಿ ಬಣ್ಣದ ಕಡೆ ಮಡಚಿದರೆ ಒಳಗಿನ ಕಪ್ಪು ಮೇಲೆ ಕಾಣುತ್ತದೆ. ತುಳಸಿ ಹಾಗೇ ಒತ್ತುತ್ತಿದ್ದಳು. ಕಾಫಿ ಲೋಟ ಹಿಡಿದು ನೋಡುತ್ತಿದ್ದ ರಾಜಲಕ್ಷ್ಮಿ ನಕ್ಕರು.

"ನೋಡಿ ತುಳಸಿಯವರೇ, ನಿಮ್ಮ ಕಡೆಯವರೆಲ್ಲ ನಮ್ಮ ಕಡೆಗೇ ಬಾಗಿಬಿಟ್ರು. ಹೆಣ್ಣು ಕೊಟ್ಟೋರು ಅಂದ್ಮೇಲೆ ಹಾಗೇ ಅಲ್ವೇ?"

ತಮಾಷೆಗೆ ಹೇಳಿದ್ದು. ಆದರೆ ತುಳಸಿಯ ಮುಖ ಇಸ್ತ್ರಿ ಪೆಟ್ಟಿಗೆಗಿಂತ ಬಿಸಿಯಾಯಿತು.

"ನಮ್ಮವ್ವ ಮದವಿಗೇ ಬಾಗಲಿಲ್ರಿ. ಸತ್ತಮ್ಯಾಲೆ ಬಾಗ್ತಾಳೇನು?" ಎಂದವಳೇ ಅಷ್ಟೂ ಅಂಚನ್ನು ಇಳಕಲ್ ಕಡೆಗೆ ತಿರುಗಿಸಿ ಒತ್ತಿದಳು.

ಅವಳು ಅಡುಗೆಮನೆಗೆ ಹೋದದ್ದೇ ತಡ, ರಾಜಲಕ್ಷ್ಮಿ ಎದ್ದು ಮತ್ತೆ ನೇರಳೆ ಕಡೆಗೆ ಒತ್ತಿದರು. ಇವರು ಸ್ನಾನಕ್ಕೆ ಹೋದಾಗ ತುಳಸಿ ಇಳಕಲ್ ಕಡೆಗೆ ಒತ್ತಿದಳು. ವಾರವಿಡೀ ಇದೇ ನಡೆಯಿತು. ಮೈಸೂರಿನಿಂದ ಒಬ್ಬ ಚಿಕ್ಕಪ್ಪ ಫೋನ್ ಮಾಡಿ ಗಂಡಿನ ಕಡೆಯ ಮರ್ಯಾದೆ ಬಗ್ಗೆ ಮಾತಾಡಿದರು. ಧಾರವಾಡದಿಂದ ನನ್ನ ಭಾವಮೈದ ಓಂಕಾರಪ್ಪ, "ಅಂಚು ಬಿಟ್ಟುಕೊಟ್ರ ಊರಾಗ ತಲಿ ಎತ್ತಾಂಗಿಲ್ಲ ಮಾಮಾ" ಎಂದ. ಬಟ್ಟೆಯನ್ನು ಅವನು ನೋಡಿಯೂ ಇರಲಿಲ್ಲ. ಇಸ್ತ್ರಿ ಪೆಟ್ಟಿಗೆ ಬಿಡುವಾಗದೆ ನಾನು ಸುಕ್ಕು ಪ್ಯಾಂಟಿನಲ್ಲೇ ಆಫೀಸಿಗೆ ಹೋದೆ.

ಕೊನೆಗೆ ಅಳಿಯ ಎದ್ದು ನಿಂತ.

"ಮಾವ, ಇದು ಪ್ರೋಸೆಸ್ ಇಲ್ದೆ ಆಗಿರೋ ಪ್ರಾಬ್ಲಮ್. ನಾನು ನೋಡ್ಕೋತೀನಿ."

ಟೀಮ್ ಲೀಡರ್ ಅವನು. ನಡುಮನೆಯಲ್ಲಿ ಮೀಟಿಂಗ್ ಕರೆದ. ಗೋಡೆಗೆ ಚಾರ್ಟ್ ಅಂಟಿಸಿದ. ಅಂಚನ್ನು ಬಿಡಿಸಿ, ಅರ್ಧ ಅತ್ತ, ಅರ್ಧ ಇತ್ತ ಒತ್ತುವುದು, ಯಾರೂ ಯಾರ ಕಡೆಗೂ ಬಾಗುವುದು ಬೇಡ ಎಂದು ತೀರ್ಮಾನವಾಯಿತು. ಇಬ್ಬರು ಅಜ್ಜಿಯರೂ ಒಬ್ಬರ ಮುಖ ಒಬ್ಬರು ನೋಡದೆ ತಲೆಯಾಡಿಸಿದರು. ಅಮೃತ್ ತಾನೇ ನಿಂತು ಒತ್ತಿಸಿದ.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಟೆಸ್ಟಿಂಗ್ ಆಗದೆ ಯಾವುದನ್ನೂ ಕ್ಲೈಂಟಿಗೆ ಕೊಡುವಂತಿಲ್ಲವಂತೆ. ಕ್ಲೈಂಟು ಅಕ್ಷರಾಳ ಮಡಿಲಲ್ಲಿ ಬೆರಳು ಚೀಪುತ್ತಿತ್ತು. ಭಾನುವಾರ ಬೆಳಿಗ್ಗೆ ಆಫೀಸಿನ ಟೆಸ್ಟಿಂಗ್ ವಿಭಾಗದ ಭರತೇಶ ಬಂದ, ಶೂ ಬಿಚ್ಚಿದ, ಒಂದು ತುದಿ ಹಿಡಿದ. ಇನ್ನೊಂದು ತುದಿಯನ್ನು ಅಮೃತ್ ಹಿಡಿದ. ಇಬ್ಬರೂ ಹಗ್ಗಜಗ್ಗಾಟದಂತೆ ಎಳೆದರು.

ಬಿಡಿಸಿ ಒತ್ತಿದ ಅಂಚಿನಲ್ಲಿ ಎಳೆತವೆಲ್ಲ ಬರೀ ದಾರದ ಮೇಲೆ ಬೀಳುತ್ತದೆ. ನಟ್ಟನಡುವೆ ಪರ್ರೆಂದು ಎರಡು ಭಾಗವಾಯಿತು. ಒಂದು ಇಳಕಲ್ ಚೌಕವೂ ಮೂಲೆಯಲ್ಲಿ ಹರಿಯಿತು.

"ಒಂದು ಡಿಫೆಕ್ಟ್ ಸಿಕ್ತು" ಎಂದ ಭರತೇಶ, ಬಹಳ ಸಂತೋಷದಿಂದ. ಅವನನ್ನು ಮಹಡಿಯಿಂದ ಕೆಳಗೆ ತಳ್ಳಬೇಕೆನಿಸಿತು.

ತುಳಸಿ ನೆಲದ ಮೇಲೆ ಕುಳಿತು ಹರಿದ ಚೌಕದ ಮೇಲೆ ಅಂಗೈ ಇಟ್ಟಳು.

ರಾಜಲಕ್ಷ್ಮಿ ಬಂದು ಪಕ್ಕದಲ್ಲಿ ಕುಳಿತರು. ಆ ಚೌಕವನ್ನು ಕಿಟಕಿಯ ಬೆಳಕಿಗೆ ಹಿಡಿದರು. ನೂಲೆಲ್ಲ ಸವೆದು ಆಚೆಯ ಟ್ರಾಮ್ ತಂತಿ ಕಾಣುತ್ತಿತ್ತು.

"ನಿಮ್ಮಮ್ಮ ತುಂಬಾ ಸೋತಿದಾರೆ ತುಳಸಿ" ಎಂದರು. "ನಾವಿಬ್ರೂ ಸೇರಿ ಇವರನ್ನ ಅತ್ತ ಇತ್ತ ಎಳೆದಾಡಿಬಿಟ್ವಿ. ಇವರ ಮೇಲೆ ಇನ್ನು ಭಾರ ಹಾಕೋದು ಬೇಡ. ಅಂಚು ನಮ್ಮ ಕಡೆಗೆ ಮಡಚಿ. ನಾವು ಹೊರ್ತೀವಿ."

ಅಲ್ಲಿಯವರೆಗೆ ತಡೆದಿದ್ದ ತುಳಸಿ ಅತ್ತಳು. ಅವ್ವ ತೀರಿಕೊಂಡ ಸುದ್ದಿ ಬಂದಾಗಲೂ ಹಾಗೆ ಅತ್ತಿರಲಿಲ್ಲ. ನನಗೂ ದುಃಖ ಉಕ್ಕಿ ಬಂತು.

ಹೊಲಿಗೆ ಹಾಕುವುದು ಮುಗಿಯುವಷ್ಟರಲ್ಲಿ ಕರೆಂಟ್ ಹೋಯಿತು. ಬೀಗಿತಿಯರಿಬ್ಬರೂ ಅಂಚನ್ನು ನೇರಳೆ ಕಡೆಗೆ ಮಡಚಿ, ಉಗುರಿನಿಂದ ತೀಡಿ, ಬಟ್ಟೆಯನ್ನು ಹಾಸಿಗೆಯ ಕೆಳಗಿಟ್ಟು, ಇಸ್ತ್ರಿಯ ಬದಲು ತಾವೇ ರೇಷ್ಮೆ ಸೀರೆ ಉಟ್ಟುಕೊಂಡೇ ಮೇಲೆ ಮಲಗಿದರು. ನೆರೆಯ ಬಂಗಾಲಿಗಳು ಸಂದೇಶ್ ಸಿಹಿಯ ಡಬ್ಬಿ ಹಿಡಿದು ಬಂದಾಗ ಇಬ್ಬರೂ ಛಾವಣಿ ನೋಡುತ್ತ ಸಾಲಾಗಿ ಬಿದ್ದಿದ್ದರು. ಬಂದವರು ಇದೂ ಒಂದು ಕನ್ನಡ ಶಾಸ್ತ್ರವಿರಬೇಕೆಂದು ಮಂಚಕ್ಕೆ ಕೈಮುಗಿದರು.

ಆಮೇಲೆ ಅಡಿಯಲ್ಲಿ ನನ್ನ ಹಳೆಯ ಪಂಚೆಯ ಪದರವಿಟ್ಟು, ಇಬ್ಬರೂ ಎರಡು ತುದಿಯಿಂದ ಟಾಕು ಹೊಲಿಗೆ ಹಾಕಿದರು. ಕೌದಿಯನ್ನು ತೊಟ್ಟಿಲಿಗೆ ಹಾಸಿದರು. ಕೂಸನ್ನು ಮಲಗಿಸುವ ಮೊದಲು ತುಳಸಿ ತೊಟ್ಟಿಲೊಳಗೆ ಬಗ್ಗಿ, ಆ ಮಾಸಿದ ಚೌಕವನ್ನು ಸವರಿ ಹೇಳಿದಳು:

"ಅವ್ವಾ, ಸ್ವಲ್ಪ ಅತ್ತಾಗ ಸರಿ. ಕೂಸು ಬಂತು."