ಶೇಂಗಾ ಹೊಟ್ಟಿನಲ್ಲಿ ಗವಿಯ ಐಸು

ಚಳ್ಳಕೆರೆಯ ಫ್ರಿಜ್ ಮೆಕ್ಯಾನಿಕ್ ಬುಡೇನ್ ಸಾಬರಿಗೆ ಐಸಿನ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು? ಪ್ರಾಯದಲ್ಲಿ ಮೊಳಕಾಲ್ಮುರಿನ ಮದುವೆಗಳಿಗೆ, ಏಪ್ರಿಲ್ ಬಿಸಿಲಲ್ಲಿ, ಬಸ್ಸಿನ ಟಾಪಿನ ಮೇಲೆ ಐಸು ಸಾಗಿಸಿ ಸೈ ಎನಿಸಿಕೊಂಡ ಮನುಷ್ಯ.

ಅವತ್ತು ಕುದಾಪುರದ ಕಡೆಯ ಒಂದು ಲ್ಯಾಬಿನಲ್ಲಿ ಫ್ರೀಜರ್ ಕೆಟ್ಟು ಸಾಬರನ್ನು ಕರೆಸಿದ್ದರು; ಕಂಪ್ರೆಸರ್ರೇ ಸುಟ್ಟಿತ್ತು, ಅವತ್ತೇ ರಿಪೇರಿ ಆಗುವಂತಿರಲಿಲ್ಲ. ಒಳಗಿದ್ದದ್ದು ಒಂದೇ ಒಂದು ಐಸಿನ ತುಂಡು, ಎರಡು ತಿಂಗಳ ಹಿಂದಷ್ಟೇ ಹಿಮಾಲಯದ ಗವಿಯೊಂದರಿಂದ ಸಂಶೋಧಕಿ ತ್ರಿವೇಣಿ ಹೊತ್ತು ತಂದದ್ದು. ಅದು ಕರಗಿದರೆ ಅವಳ ಮೂರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

“ಡ್ರೈ ಐಸ್ ತರೋಕೆ ದಾವಣಗೆರೆಗೆ ಹೋಗ್ತೀನಿ. ಇದು ಕರಗದಂಗೆ ನೋಡ್ಕಳ್ರಿ ಸಾಬ್ರೇ,” ಎಂದು ಓಡಿದಳು.

ಸಾಬರು ನೋಡಿಕೊಂಡರು, ಚೆನ್ನಾಗಿಯೇ. ಪ್ಲಾಸ್ಟಿಕ್ಕಿನೊಳಗೆ ಐಸು ಬೆವರುತ್ತಿತ್ತು, ಕವರು ಬಿಚ್ಚಿ ಎಸೆದರು. ಎಣ್ಣೆ ಮಿಲ್ಲಿನಿಂದ ಒಂದು ಚೀಲ ಶೇಂಗಾ ಹೊಟ್ಟು ತರಿಸಿ, ಐಸನ್ನು ಅದರೊಳಗೆ ಹೂತು, ಮೇಲೆ ಗೋಣಿತಾಟು ಹೊದಿಸಿ, ಬಾಣಂತಿ ಕೋಣೆಯ ಮುಂದಿನ ಅಜ್ಜಿಯಂತೆ ಕಾವಲು ಕೂತರು.

ಸಂಜೆ ಬಂದ ತ್ರಿವೇಣಿ ಹೊಟ್ಟು ನೋಡಿ ಡ್ರೈ ಐಸಿನ ಡಬ್ಬಿ ಕೆಳಗಿಟ್ಟಳು.

“ಏನ್ ಮಾಡಿದ್ರಿ ಸಾಬ್ರೇ. ಈ ಐಸಲ್ಲಿರೋ ಮಸಿಯ ಇಂಗಾಲ ಎಲ್ಲಿಂದ ಬಂತು, ಯಾವ ಕಾಲದ್ದು ಅಂತ ಐಸೊಟೋಪ್ ಅಳೆದು ಕಂಡುಹಿಡೀಬೇಕಿತ್ತು. ಹೊಟ್ಟಲ್ಲಿ ಇರೋದೂ ಇಂಗಾಲಾನೇ. ಈಗ ಮೆಷಿನ್ನು ಹೋದ ವರ್ಷದ ಶೇಂಗಾ ಕಥೆ ಹೇಳ್ತೈತೆ.”

ಸಾಬರಿಗೆ ಒಳ್ಳೇದು ಮಾಡಲು ಹೋಗಿ ಹುಡುಗಿಯ ಅನ್ನಕ್ಕೆ ಕಲ್ಲು ಹಾಕಿದೆನಲ್ಲ ಎಂದು ನಾಚಿಕೆಯಾಯಿತು.

“ಕರಗಿಲ್ಲವ್ವ, ಅದೊಂದು ನೋಡು,” ಎಂದರು ಮೆಲ್ಲಗೆ.

ತ್ರಿವೇಣಿ ಕೈಗವಸು ಹಾಕಿ ಐಸು ಎತ್ತಿದಳು. ಹೌದು, ಹೆಚ್ಚು ಕಡಿಮೆ ತಂದಷ್ಟೇ ಇತ್ತು. ಹೊಟ್ಟು ಮುಟ್ಟಿದ ಹೊರಗಿನ ಭಾಗವನ್ನು ಎರಡು ಬೆರಳು ದಪ್ಪ ಕೆತ್ತಿ ಎಸೆದರೂ ಒಳಗೆ ತಿರುಳು ಉಳಿಯುತ್ತಿತ್ತು. ಕೆತ್ತಿದಳು. ತಿರುಳನ್ನು ಡ್ರೈ ಐಸಿನಲ್ಲಿಟ್ಟು ಪರೀಕ್ಷೆಗೆ ಕಳಿಸಿದಳು.

ಮೂರು ವಾರ ಸಾಬರಿಗೆ ಊಟ ಸೇರಲಿಲ್ಲ. ಐಸ್‌ಕ್ರೀಂ ಅಂಗಡಿಗಳ ಮುಂದೆ ತಲೆ ತಗ್ಗಿಸಿ ನಡೆದರು. ಹೆಂಡತಿ ಸುಗ್ರಾ ಬೀ ಡಾಕ್ಟರಿಗೆ ತೋರಿಸೋಣ ಎಂದು ಗಂಟುಬಿದ್ದಳು. ಕೊನೆಗೆ ಒಂದು ಮಧ್ಯಾಹ್ನ ತ್ರಿವೇಣಿಯ ಫೋನು ಬಂತು.

“ತಿರುಳು ಶುದ್ಧ ಐತೆ ಸಾಬ್ರೇ. ಅದರೊಳಗಿನ ಮಸಿ ಎರಡು ಸಾವಿರ ವರ್ಷಕ್ಕೂ ಹಿಂದೆ ಸುಟ್ಟ ಕಾಡಿಂದು. ನಮ್ಮ ಬ್ರಹ್ಮಗಿರಿ ಬಂಡೆ ಮೇಲೆ ಶಾಸನ ಕೆತ್ತಿದ ಕಾಲ ಅಂದ್ಕಳ್ರಿ. ನೀವು ಹೊಟ್ಟಲ್ಲಿ ಹೂಳದಿದ್ರೆ ತಿರುಳೂ ಇರ್ತಿರ್ಲಿಲ್ಲ.”

ಸಾಬರ ಕಣ್ಣು ತುಂಬಿತು. ಅದರ ಬೆನ್ನಿಗೇ ಮೂರು ವಾರ ನುಂಗಿಕೊಂಡಿದ್ದ ಸಿಟ್ಟೂ ಬಂತು.

“ಎರಡು ಸಾವಿರ ವರ್ಷ ಆ ಗವಿ ಕರೆಂಟಿಲ್ದೆ ಕಾಪಾಡಿತ್ತು,” ಎಂದರು. “ನಿಮ್ಮ ಫ್ರೀಜರಿಗೆ ಎರಡು ತಿಂಗಳು ಆಗ್ಲಿಲ್ವಲ್ಲವ್ವ.”